ಪುಡಿ ಬೀಳುವ ಮುಂಚಿನ ಬೆಲ್ಲ

ಮಂಡ್ಯದ ಕಡೆ, ನಾಲೆ ಬಯಲಿನಲ್ಲಿ ಸಿಂಗ್ರೇಗೌಡ ಅನ್ನುವವನ ಆಲೆಮನೆ ಇತ್ತು. ಆಲೆಮನೆ ಅಂದರೆ ಗೊತ್ತಲ್ಲ, ಕಬ್ಬು ಅರೆದು, ಅದರ ಹಾಲು ಕಾಯಿಸಿ ಬೆಲ್ಲ ಮಾಡುವ ಜಾಗ. ಒಲೆ ಉರಿಯುವಾಗ ಅಲ್ಲಿಗೆ ಯಾರೇ ಬರಲಿ, ಗುರುತಿಲ್ಲದ ದಾರಿಹೋಕನೇ ಆಗಲಿ, ಬಿಸಿ ಬೆಲ್ಲ ತಿನ್ನಿಸದೆ ಕಳಿಸುವಂತಿಲ್ಲ. ಅದು ಆ ಸೀಮೆಯ ರೂಢಿ. ಸಿಂಗ್ರೇಗೌಡ ಅದನ್ನು ತಪ್ಪಿಸಿದವನಲ್ಲ.

ಆದರೆ ಅವನಲ್ಲಿ ಇನ್ನೊಂದು ರೂಢಿಯೂ ಬಂದು ಸೇರಿಕೊಂಡಿತ್ತು. ಪಾಕ ಹದಕ್ಕೆ ಬಂದ ಕೂಡಲೇ, ಬಂದವರಿಗೆ ಮತ್ತು ಮನೆಗೆ ಅಂತ ಒಂದಷ್ಟನ್ನು ಮೊದಲೇ ಎತ್ತಿಡುತ್ತಿದ್ದ. ಆಮೇಲೆ ಕೊಪ್ಪರಿಗೆಗೆ ಡಬ್ಬದ ಬಿಳಿ ಪುಡಿ ಸುರಿಯುತ್ತಿದ್ದ. ಬಟ್ಟೆಯ ಬಣ್ಣ ತೆಗೆಯಲು ಕಾರ್ಖಾನೆಯವರು ಬಳಸುವ ಪುಡಿ ಅದು. ಬಿದ್ದ ಕೂಡಲೇ ಕಂದು ಪಾಕ ಚಿನ್ನದ ಬಣ್ಣಕ್ಕೆ ತಿರುಗುತ್ತಿತ್ತು. ಘಾಟು ತಡೆಯಲಾರದೆ ಗೌಡ ಮೂಗು ಬಾಯಿಗೆ ಟವೆಲ್ ಸುತ್ತಿಕೊಳ್ಳುತ್ತಿದ್ದ. ಆದರೂ ಕೆಮ್ಮು ಬಿಡುತ್ತಿರಲಿಲ್ಲ.

ನಿಮ್ಮ ಮೂಗಿಗೇ ಆಗದೇ ಇರೋದು ಊರೋರ ಹೊಟ್ಟೆಗೆ ಹೆಂಗಾಯ್ತದೆ ಅಂತ ಹೆಂಡತಿ ಸಣ್ಣಮ್ಮಣ್ಣಿ ಹಂಗಿಸುವಳು. ಪೇಟೆಯವರಿಗೆ ಬಣ್ಣ ಬೇಕು, ನಾನೇನು ಮಾಡ್ಲಿ ಅಂತ ಗೌಡ ಜಾರಿಕೊಳ್ಳುವನು. ಪೇಟೆಯವರು ಅಂದರೆ ಅವನ ಲೆಕ್ಕದಲ್ಲಿ ಮಂಡಿಯ ಗುರುಮಲ್ಲಶೆಟ್ಟರು. ಗೌಡನ ಬೆಲ್ಲವನ್ನೆಲ್ಲ ಕೊಳ್ಳುವವರು ಅವರೊಬ್ಬರೇ. ಬಣ್ಣ ಚೂರು ಕಮ್ಮಿಯಾದರೂ ಗಾಡಿ ವಾಪಸ್ಸು. ಆ ಪುಡಿಯ ಡಬ್ಬ ಕಳಿಸುತ್ತಿದ್ದವರೂ ಅವರೇ.

ಒಂದು ದಿನ ಶೆಟ್ಟರೇ ಟೆಂಪೋ ಹತ್ತಿಕೊಂಡು ಆಲೆಮನೆಗೆ ಬಂದರು. ಹಿಂದೆಂದೂ ಬಂದವರಲ್ಲ. ಗೌಡ ಮಣೆ ಹಾಕಿ ಕೂರಿಸಿದ. ಶೆಟ್ಟರು ಸುತ್ತುಬಳಸಿ ಅದೂ ಇದೂ ಮಾತಾಡಿ, ಕೊನೆಗೆ ವಿಷಯಕ್ಕೆ ಬಂದರು. ಮಗಳು ಹೆರಿಗೆಗೆ ಬಂದಿದ್ದಾಳೆ, ಗಂಡು ಮಗು, ಬಾಣಂತಿಗೆ ಒಳ್ಳೆ ಬೆಲ್ಲ ಬೇಕು ಅಂದರು.

ಗೌಡನಿಗೆ ಹಿಗ್ಗಾಯಿತು. ಓಡಿ ಹೋಗಿ, ಮಂಡಿಗೆ ಅಂತ ಜೋಡಿಸಿದ್ದ ಬೆಲ್ಲದಲ್ಲಿ ಹಳದಿ ಹೊಳೆಯುವ ಅಚ್ಚುಗಳನ್ನೇ ಆರಿಸಿ ತಂದು ಮುಂದಿಟ್ಟ. ಶೆಟ್ಟರು ಕೈ ಹಿಂದಕ್ಕೆಳೆದುಕೊಂಡರು.

"ಅದಲ್ಲ ಗೌಡ್ರೇ, ಅದು ಅಂಗಡೀದು. ಪುಡಿ ಬೀಳೋಕೆ ಮುಂಚೆ ಎತ್ತಿಡ್ತೀರಲ್ಲ, ಅದು ಕೊಡಿ."

ಗೌಡ ನಿಂತಲ್ಲೇ ನಿಂತ. ಪಾಪ, ಪುಡಿ ಕಳಿಸುವ ಶೆಟ್ಟರಿಗೂ ಅದರ ಕೇಡು ಗೊತ್ತಿಲ್ಲ, ಬಣ್ಣಕ್ಕೆ ಮರುಳಾಗಿ ತಾವೂ ಅದನ್ನೇ ತಿನ್ನುತ್ತಾರೆ ಅಂದುಕೊಂಡಿದ್ದ. ಈಗ ನೋಡಿದರೆ ಮಾಡುವವನೂ ತಿನ್ನುವುದಿಲ್ಲ, ಮಾರುವವನೂ ತಿನ್ನುವುದಿಲ್ಲ.

"ಹಂಗಾದ್ರೆ ಇದನ್ನ ಯಾರು ತಿಂತಾರೆ ಶೆಟ್ರೇ?"

"ತಿನ್ನೋರು ಇದ್ದಾರಲ್ಲ," ಅಂತ ಶೆಟ್ಟರು ನಕ್ಕರು.

"ಅವರ ಮನೇಲಿ ಬಾಣಂತೀರು ಇಲ್ವಾ?"

ಶೆಟ್ಟರ ನಗು ನಿಂತಿತು. ಅಷ್ಟರಲ್ಲಿ ಒಲೆಯ ಮೇಲಿನ ಪಾಕ ಹದಕ್ಕೆ ಬಂತು. ಪುಡಿ ಹಾಕುವುದಾದರೆ ಈಗಲೇ ಹಾಕಬೇಕು. ಗೌಡ ಡಬ್ಬ ಎತ್ತಿಕೊಂಡ, ಮುಚ್ಚಳ ತೆಗೆಯಲಿಲ್ಲ. ಕಂದು ಬೆಲ್ಲಕ್ಕೆ ಹಳದಿಯ ಬೆಲೆ ಸಿಗಲ್ಲ, ಯೋಚನೆ ಮಾಡಿ ಅಂತ ಶೆಟ್ಟರು ಎಚ್ಚರಿಸಿದರು. ಗೌಡ ಯೋಚನೆ ಮಾಡಿದ. ಆ ವರ್ಷದ ಸಂಸಾರ ಪೂರ್ತಿ ಆ ಬೆಲ್ಲದ ಮೇಲೇ ನಿಂತಿತ್ತು. ಸಣ್ಣಮ್ಮಣ್ಣಿಯ ಮುಖ ನೋಡಿದ. ಅವಳು ಅಚ್ಚಿನ ಹಲಗೆಗೆ ನೀರು ಚಿಮುಕಿಸುತ್ತಿದ್ದಳು. ಇಳಿಸಿಬಿಡೋಣ ಅಂದ. ಪಾಕ ಹಂಗೇ ಇಳಿಯಿತು, ಮಣ್ಣಿನ ಬಣ್ಣಕ್ಕೆ.

ಉಳಿದದ್ದು ಕೈಯಲ್ಲಿದ್ದ ಡಬ್ಬ. ಗೌಡ ಅದನ್ನು ಎಸೆಯಲು ನಾಲೆ ಕಡೆ ಹೊರಟ.

"ಅಲ್ಲಿ ಎಮ್ಮೆ ನೀರು ಕುಡೀತವೆ," ಅಂದಳು ಸಣ್ಣಮ್ಮಣ್ಣಿ.

ಗದ್ದೆ ಕಡೆ ತಿರುಗಿದ. ಅಲ್ಲಿ ಕಡಿದ ಕಬ್ಬಿನ ಕೂಳೆ ಚಿಗುರುತ್ತಿತ್ತು. ಒಲೆಗೆ ಹಾಕೋಣ ಅಂದರೆ ಆ ಹೊಗೆ ಕುಡಿಯುವವರು ಅಲ್ಲೇ ನಿಂತಿದ್ದರು. ಇಷ್ಟು ವರ್ಷ ಕೊಪ್ಪರಿಗೆಗೆ ಸಲೀಸಾಗಿ ಸುರಿದ ಪುಡಿಗೆ ಇಡೀ ಊರಲ್ಲಿ ಒಂದು ಜಾಗ ಸಿಗಲಿಲ್ಲ. ಕೊನೆಗೆ ವಾಪಸ್ಸು ಬಂದು ಶೆಟ್ಟರ ಮುಂದೆ ಇಟ್ಟ.

"ನೀವು ಕಳಿಸಿದ್ದು. ನೀವೇ ತಗೊಂಡು ಹೋಗಿ."

ಶೆಟ್ಟರು ಬೆಲೆ ಇಳಿಸಿದರು, ಆದರೆ ಕಂದು ಬೆಲ್ಲವನ್ನು ಬಿಟ್ಟು ಹೋಗಲಿಲ್ಲ. ಜೋಡಿಸಿದ್ದ ಹಳದಿ ಅಚ್ಚುಗಳನ್ನು ಗೌಡ ಕೊಡಲಿಲ್ಲ, ಶೆಟ್ಟರು ಉಳಿದದ್ದನ್ನೆಲ್ಲ ಟೆಂಪೋಗೆ ತುಂಬಿಸಿದರು. ಬಾಣಂತಿಯ ಬೆಲ್ಲದ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತರು. ಡಬ್ಬ ಎಲ್ಲಿಡಲಿ ಅಂತ ಡ್ರೈವರ್ ಕೇಳಿದ.

"ದೂರ ಇಡಪ್ಪಾ," ಅಂದರು ಶೆಟ್ಟರು. "ಹಿಂದೆ ತುಂಬಿರೋ ಬೆಲ್ಲಕ್ಕೂ ತಾಗದ ಹಂಗೆ."

ನೀತಿ: ನಮ್ಮ ಮನೆಯವರಿಗೆ ಬೇಡ ಅಂತ ಪಕ್ಕಕ್ಕಿಡುವುದನ್ನು ಮುಖ ಕಾಣದವರಿಗೆ ಉಣ್ಣಿಸಬಾರದು. ಅವರ ಮನೆಯಲ್ಲೂ ಬಾಣಂತಿಯರು, ಕೂಸುಗಳು ಇರುತ್ತಾರೆ. ಕೊಳ್ಳುವ ನಾವೂ ಹೊಳಪು ನೋಡಿ ಆರಿಸುವುದನ್ನು ಬಿಡಬೇಕು. ಬೆಲ್ಲದ ಬಣ್ಣ ಕಂದು.