ಅರವಟ್ಟಿಗೆಯ ಕೆಂಚಣ್ಣನೂ ರಾಣಿಯ ಎಡಿಟರೂ

“ಕೇಳಿರಿ, ಕೇಳಿರಿ, ಸಿರಿಗಿರಿಯ ಪ್ರಜೆಗಳೆಲ್ಲ ಕೇಳಿರಿ! ತೀರಿಕೊಂಡ ಮಹಾರಾಣಿಯವರ ಎಡಿಟರನ್ನು ನೋಡಿಕೊಳ್ಳಲು ಅದರ ಭಾಷೆ ಬಲ್ಲವರು ಬೇಕಾಗಿದ್ದಾರೆ. ರಾಜಕುಮಾರಿಯವರ ಮೂರು ಒಗಟು ಬಿಡಿಸಿದವರು ಬೇಡಿದ್ದನ್ನು ಪಡೆಯುವರು. ತಪ್ಪಿದವರಿಗೆ ತಲೆದಂಡ!”

ಆ ಕಾಲದಲ್ಲಿ ಎಡಿಟರ್ ಎಲ್ಲಿತ್ತು ಎಂದು ಕೇಳುವವರು ಬೇರೆ ಕತೆ ನೋಡಿಕೊಳ್ಳಲಿ. ಸಿರಿಗಿರಿಯಲ್ಲಿ ಇತ್ತು. ಬರೆಯುವ, ತಿದ್ದುವ ಯಂತ್ರ ಅದು. ಅದರದೇ ಪುಟ್ಟ ಭಾಷೆಯಲ್ಲಿ ಅಪ್ಪಣೆ ಕೊಟ್ಟರೆ ಹೊಸ ಕೆಲಸವನ್ನೂ ಕಲಿಯುತ್ತಿತ್ತು. ರಾಣಿ ಪದ್ಮಾಂಬೆ ಹೋದ ಮೇಲೆ ಯಾವನೋ ಜಂಬಗಾರ ಬಾಯಿಗೆ ಬಂದ ಅಪ್ಪಣೆ ಕೊಟ್ಟು ಆಕೆ ಅದರಲ್ಲಿ ಬರೆದಿಟ್ಟ ಹಾಡುಗಳನ್ನೆಲ್ಲ ಅಳಿಸಿಬಿಟ್ಟ. ರಾಜ ಆಮೇಲೆ ಆ ಯಂತ್ರದ ಹತ್ತಿರ ಸುಳಿಯಲಿಲ್ಲ. ತಲೆದಂಡದ ಸಿಟ್ಟೂ ಅಲ್ಲಿಂದಲೇ ಬಂದದ್ದು.

ಮೊದಲು ಬಂದವನು ನೆರೆರಾಜ್ಯದ ಯುವರಾಜ. ರಾಜಕುಮಾರಿ ಇಂದುಲೇಖೆ ಕೇಳಿದಳು: “ನಮ್ಮ ಕನ್ನಡದಲ್ಲಿ ಎಲ್ಲರೂ ಬಂದ ಮೇಲೆ ಬರುವವನು, ಈ ಯಂತ್ರದ ಭಾಷೆಯಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುತ್ತಾನೆ. ಯಾರವನು?”

“ರಾಜ!” ಎಂದ ಯುವರಾಜ ಮೀಸೆ ತಿರುವುತ್ತ. ಮೀಸೆಯ ಸಮೇತ ಸೆರೆಮನೆ ಸೇರಿದ.

ಆಮೇಲೆ ಬಂದ ಪಂಡಿತ ತುಂಬ ಹೊತ್ತು ಯೋಚಿಸಿ “ಪೂರ್ಣವಿರಾಮ” ಎಂದ. ಇಂದುಲೇಖೆ ಬೇಸರದಿಂದ ತಲೆಯಾಡಿಸಿದಳು. ಅವನೂ ಒಳಗೆ ಹೋದ.

ಮೂರನೆಯವನು ಕೆಂಚಣ್ಣ, ಛತ್ರದ ಅರವಟ್ಟಿಗೆಯಲ್ಲಿ ದಾರಿಹೋಕರಿಗೆ ನೀರು ಕೊಡುವವನು. ಊರವರಿಗೆಂದು ರಾಣಿ ಛತ್ರದಲ್ಲೂ ಒಂದು ಎಡಿಟರ್ ಇಡಿಸಿದ್ದಳು. ಬಿಡುವಿದ್ದಾಗ ಅವನು ಅದರ ಮುಂದೆ ಕೂರುತ್ತಿದ್ದ.

“ಜೀವದ ಆಸೆ ಇಲ್ಲವೇನಣ್ಣ?” ಎಂದಳು ಇಂದುಲೇಖೆ.

“ಐತೆ ತಾಯಿ. ಆದ್ರೆ ಒಳಗಿರೋ ಇಬ್ರೂ ನನ್ನ ಕೈನೀರು ಕುಡಿದು ಬಂದೋರು. ಅವರ ತಲೆ ಹೋದ್ರೆ ನಂಗೆ ನೀರು ಇಳಿಯಲ್ಲ.”

ಒಗಟು ಕೇಳಿ ಅವನು ನಕ್ಕ. “ಕ್ರಿಯಾಪದ, ತಾಯಿ. ‘ಎರಡಕ್ಕೆ ಮೂರು ಕೂಡಿಸು’ ಅಂತೀವಿ ನಾವು. ಇದಕ್ಕೆ ‘ಕೂಡಿಸು ಎರಡು ಮೂರು’ ಅನ್ಬೇಕು. ನಾನು ನಮ್ಮ ಕ್ರಮದಲ್ಲೇ ಹೇಳಿದ್ರೆ, ‘ಎರಡು ಅನ್ನೋ ಕೆಲಸ ನಂಗೆ ಗೊತ್ತಿಲ್ಲ’ ಅಂತ ಅದು ಬೈತಿತ್ತು.”

ಸಭೆ ನಕ್ಕಿತು. ಇಂದುಲೇಖೆ ಎರಡನೆಯದನ್ನು ಕೇಳಿದಳು: “ಬಾಗಿಲೊಳಗೆ ಬಾಗಿಲು ತೆರೆದು ಹೋಗುತ್ತೇನೆ. ಕೊನೆಗೆ ತೆರೆದದ್ದನ್ನು ಮೊದಲು ಮುಚ್ಚಬೇಕು. ಒಂದು ಮರೆತರೂ ಮನೆಯವರು ಕೆಲಸಕ್ಕೆ ಏಳುವುದಿಲ್ಲ. ಯಾವ ಬಾಗಿಲು?”

“ಅಪ್ಪಣೆಯೊಳಗೆ ಅಪ್ಪಣೆ ಬರೆದಾಗ ಒಂದೊಂದರ ಆಚೆ ಈಚೆ ಹಾಕೋ ಬ್ರಾಕೆಟ್ಟು. ಒಂದನ್ನ ಮುಚ್ಚೋದು ಮರೆತು ಮಧ್ಯಾಹ್ನವೆಲ್ಲ ಹುಡುಕ್ತಾ ಕೂತಿದ್ದೆ. ಬಾಯಾರಿ ಬಂದೋರು ಚೆನ್ನಾಗಿ ಉಗಿದ್ರು.”

ಈಗ ರಾಜಕುಮಾರಿಯ ದನಿ ಸಣ್ಣದಾಯಿತು. “ಕೇಳಿದಷ್ಟು ಸಲವೂ ಹೇಳಿಕೊಡುವ ಗುರು. ಬೇಸರವಿಲ್ಲ, ಕಾಣಿಕೆ ಬೇಡ, ಮುಖ ತೋರಿಸುವುದೂ ಇಲ್ಲ. ಯಾರು?”

ಕೆಂಚಣ್ಣ ಹೆಗಲ ವಸ್ತ್ರದಿಂದ ಮುಖ ಮುಚ್ಚಿಕೊಂಡ. ಮುಗಿಯಿತು ಇವನ ಕತೆ ಎಂದುಕೊಂಡರು ಎಲ್ಲರೂ. ಆದರೆ ಅವನ ಕಣ್ಣು ತುಂಬಿತ್ತು.

“ಯಂತ್ರದೊಳಗಿನ ಸಹಾಯದ ಪುಟ, ತಾಯಿ. ಯಾವ ಅಪ್ಪಣೆ ಕೇಳಿದ್ರೂ ಅದರ ಅರ್ಥ ಹೇಳೋದು. ಕೊನೆಗೆ ಒಂದು ಸಾಲು: ‘ತಪ್ಪಾದರೆ ಹೆದರಬೇಡ ಮಗು, ಇನ್ನೊಮ್ಮೆ ಬರೆ.’ ಹೆತ್ತೋರಿಲ್ಲದ ನನ್ನನ್ನ ಮಗು ಅಂದೋರು ಅವರೊಬ್ರೇ. ಯಾರು ಬರೆದ್ರೋ ಕಾಣೆ. ದಿನಾ ಮೊದಲ ತಂಬಿಗೆ ನೀರನ್ನ ಅವರನ್ನ ನೆನೆದು ಗಿಡಕ್ಕೆ ಹಾಕ್ತೀನಿ.”

ರಾಜ ಸಿಂಹಾಸನದಿಂದ ಎದ್ದುಬಿಟ್ಟ. “ಅದು ಪದ್ಮೆಯ ಮಾತು! ಅವಳದು ಒಂದಕ್ಷರವೂ ಉಳಿದಿಲ್ಲ ಅಂದುಕೊಂಡಿದ್ದೆನಲ್ಲ.”

“ಹಾಡು ಹೋದರೂ ಅಮ್ಮ ಬರೆದ ಸಹಾಯದ ಪುಟಗಳೆಲ್ಲ ಅಲ್ಲೇ ಇವೆ, ಅಪ್ಪಾಜಿ. ನೀವು ಬಂದು ಕೂರಲಿಲ್ಲ” ಎಂದಳು ಇಂದುಲೇಖೆ.

“ಏನು ಬೇಕೋ ಕೇಳಪ್ಪ” ಎಂದ ರಾಜ.

“ಆ ಇಬ್ಬರನ್ನೂ ಬಿಡಿ, ಬುದ್ಧಿ. ‘ತಪ್ಪಾದರೆ ಹೆದರಬೇಡ’ ಅಂದೋರ ಮನೇಲಿ ತಪ್ಪಿಗೆ ತಲೆ ತೆಗೀಬಾರದು.”

ರಾಜ ತಲೆ ತಗ್ಗಿಸಿದ. ತಲೆದಂಡ ಅಂದೇ ರದ್ದಾಯಿತು. ಎಡಿಟರಿನ ಹೊಣೆಯೂ ಅರಮನೆಯಲ್ಲೊಂದು ಮನೆಯೂ ಕೆಂಚಣ್ಣನಿಗೆ ಬಂದವು. ಅರವಟ್ಟಿಗೆಯನ್ನು ಮಾತ್ರ ಅವನು ಬಿಡಲಿಲ್ಲ.

ಬಿಡುಗಡೆಯ ಅಪ್ಪಣೆಯನ್ನು ತಾನೇ ಬರೆಯುತ್ತೇನೆಂದು ರಾಜ ಯಂತ್ರದ ಮುಂದೆ ಕೂತ. ಎಷ್ಟಾದರೂ ಕನ್ನಡದವನು, ‘ಇಬ್ಬರನ್ನೂ ಬಿಡು’ ಎಂದು ಬರೆದ. ಯಂತ್ರ ಒಪ್ಪಲಿಲ್ಲ. ಕೆಂಚಣ್ಣ ಸಹಾಯದ ಗುಂಡಿ ತೋರಿಸಿದ. ರಾಜ ಒತ್ತಿದ.

‘ತಪ್ಪಾದರೆ ಹೆದರಬೇಡ ಮಗು, ಇನ್ನೊಮ್ಮೆ ಬರೆ.’

ರಾಜ ಕಣ್ಣೊರೆಸಿಕೊಂಡು ಇನ್ನೊಮ್ಮೆ ಬರೆದ. ಅವರು ಅಲ್ಲಿ ಬರೆದುಕೊಂಡಿದ್ದಾರೆ, ನಾವು ಇಲ್ಲಿ ಓದಿಕೊಂಡಿದ್ದೇವೆ.