ಬರಿಗೈ ರೊಟ್ಟಿ

ಹೊಳೆಯ ದಂಡೆಯ ಮೇಲೊಂದು ವಿಶ್ವವಿದ್ಯಾಲಯ. ಅದರ ಕಟ್ಟಕಡೆಯ ಕಟ್ಟಡದಲ್ಲಿ ನಾಟಕ ಕಲಿಸುತ್ತಿದ್ದರು. ಸುಣ್ಣ ಬಳಿಯುವವರು ಆ ಕಟ್ಟಡಕ್ಕೆ ಬರುವಷ್ಟರಲ್ಲಿ ಪ್ರತಿ ವರ್ಷವೂ ಸುಣ್ಣ ಮುಗಿದುಹೋಗಿರುತ್ತಿತ್ತು.

ಅಲ್ಲಿ ಅಭಿನಯ ಕಲಿಸುತ್ತಿದ್ದವರು ಶಿವಪುತ್ರ ಮಾಸ್ತರರು. ನಾಟಕ ಕಂಪನಿಗಳಲ್ಲಿ ಮೂವತ್ತು ವರ್ಷ ಹೆಣ್ಣು ಪಾತ್ರ ಮಾಡಿ, ತಲೆ ನೆರೆತ ಮೇಲೆ ಕಲಿಸಲು ಕೂತವರು. ಅವರದು ಮಾತು ಕಡಿಮೆ. ಆಡಿದರೆ ಅದೂ ಅರ್ಧ.

ಅವರ ಬಳಿಗೆ ಕಸ್ತೂರಿ ಬಂದಳು.

ತಾಯಿಯಿಲ್ಲದ ಕಸ್ತೂರಿಯನ್ನು ಬೆಳೆಸಿದವಳು ತಾಯಿಯ ತಂಗಿ, ಚಿಗವ್ವ ಫಕೀರವ್ವ. ಫಕೀರವ್ವನದು ಬಸ್‌ಸ್ಟ್ಯಾಂಡಿನ ಹಿಂದೆ ಒಂದು ಖಾನಾವಳಿ. ಹತ್ತು ವರ್ಷಕ್ಕೇ ಕಸ್ತೂರಿ ಅಲ್ಲಿ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತಳು. ಶಾಲೆಗೂ ಹೋದಳು, ಕಾಲೇಜಿಗೂ ಹೋದಳು, ಬಂದು ಜೋಳದ ರೊಟ್ಟಿಯನ್ನೂ ಬಡಿದಳು.

ಬಡಿಯುತ್ತ ಗೋಡೆಯ ಜೊತೆ ಮಾತಾಡುತ್ತಿದ್ದಳು. ಒಂದು ದಿನ ರಾಣಿಯಾಗಿ, ಒಂದು ದಿನ ರಾಕ್ಷಸಿಯಾಗಿ. ಉಣ್ಣಲು ಕೂತವರು ಕೈಯಲ್ಲಿ ತುತ್ತು ಹಿಡಿದು ಕೇಳುತ್ತಿದ್ದರು.

"ನಾಟಕ ಕಲಿಯಾಕ ಹೋಗ್ತೀನಿ" ಎಂದಾಗ ಫಕೀರವ್ವ ಒಲೆಯಿಂದ ಕಣ್ಣೆತ್ತಲಿಲ್ಲ.

"ಎರಡು ವರ್ಷ ಕೊಟ್ಟೆ. ಪಾಸಾದ್ರ ನಿನ್ನ ದಾರಿ ನಿಂದು. ನಪಾಸಾದ್ರ ನಾನ ಬಂದು ಕರ್ಕೊಂಡು ಹೋಗ್ತೀನಿ. ನಿನ್ನ ಮಣೆ ಇಲ್ಲೇ ಇರತೈತಿ, ಎಲ್ಲೂ ಹೋಗೂದಿಲ್ಲ."

ಬಸ್ಸು ಹತ್ತುವ ಮೊದಲು ಕಸ್ತೂರಿ ಉಗುರಿನ ಸಂದಿಯ ಹಿಟ್ಟನ್ನೆಲ್ಲ ಪಿನ್ನಿನಿಂದ ತೆಗೆದಳು. ಇನ್ನು ಈ ಜನ್ಮದಲ್ಲಿ ರೊಟ್ಟಿಯ ಸಹವಾಸ ಬೇಡ ಎಂದುಕೊಂಡಳು.

ಹಾಸ್ಟೆಲಿನ ಹುಡುಗಿಯರು ಮನೆಯ ಬಗ್ಗೆ ಕೇಳಿದರು. "ನಮ್ಮದು ಹೋಟೆಲ್ ಇದೆ" ಎಂದಳು. ಹೋಟೆಲ್ ಅಂದರೆ ಕೇಳಿದವರಿಗೆ ಕುರ್ಚಿ ಮೇಜು ಕಾಣುತ್ತವೆ. ಖಾನಾವಳಿ ಅಂದರೆ ಹೊಗೆ ಕಾಣುತ್ತದೆ.

ಹುಡುಗಿ ಚೂಟಿ. ಒಂದೂವರೆ ವರ್ಷದಲ್ಲಿ ನಾಲ್ಕು ಸಲ ರಾಣಿಯಾದಳು, ಎರಡು ಸಲ ದೇವತೆಯಾದಳು. ಕೊನೆಯ ಪರೀಕ್ಷೆ ಹತ್ತಿರ ಬಂತು. ಒಬ್ಬೊಬ್ಬರೂ ಒಂದೊಂದು ದೃಶ್ಯ ಆಡಬೇಕು. ನೋಡಲು, ಅಂಕ ಕೊಡಲು ಹೊರಗಿನಿಂದ ಇಬ್ಬರು ಬರುತ್ತಾರೆ.

"ಮಾಸ್ತರ, ನನಗ ರಾಣಿ ಪಾತ್ರ ಕೊಡ್ರಿ" ಎಂದಳು ಕಸ್ತೂರಿ.

"ರಾಣಿ ಆಗೂದು ಹಗುರ ತಂಗಿ. ಮೂವತ್ತು ವರ್ಷ ನಾನೂ ಆಗಿದ್ದೆ. ಕಿರೀಟ ಇಟ್ಕೊಂಡು ನಿಂತರ ಆತು. ಉಳಿದದ್ದು ಎದುರಿಗೆ ಬಗ್ಗಿದವರು ಮಾಡ್ತಾರ."

"ಮತ್ತ ನನಗ ಯಾವುದು?"

"ಒಬ್ಬಾಕಿ ತಾಯಿ. ರೊಟ್ಟಿ ಬಡಿಯಾಕತ್ತಿರ್ತಾಳ. ಮನಿ ಬಿಟ್ಟು ಹೋದ ಮಗಳು ಇನ್ನ ಬರೂದಿಲ್ಲ ಅಂತ ಸುದ್ದಿ ಬರತೈತಿ. ಅಷ್ಟ."

ಕಸ್ತೂರಿಯ ಮೂಗಿನ ತುದಿ ಕೆಂಪಾಯಿತು.

"ರೊಟ್ಟಿ ಬಡಿಯೂದಿದ್ರ ಇಲ್ಲೀತನಕ ಯಾಕ ಬರಬೇಕಿತ್ರಿ ನಾನು?"

"ನೀ ಬಂದೀ. ನಿನ್ನ ರೊಟ್ಟಿ ಇನ್ನೂ ಬಂದಿಲ್ಲ."

"ಒಲಿ, ಹಂಚು, ಹಿಟ್ಟು ಎಲ್ಲಿಂದ ತರಲಿ?"

"ಏನೂ ಬ್ಯಾಡ. ಬರಿಗೈ, ಬರಿ ನೆಲ."

ಕಸ್ತೂರಿ ಒಳಗೊಳಗೇ ನಕ್ಕಳು. ಬೇರೆಯವರು ತಿಂಗಳುಗಟ್ಟಲೆ ಕಲಿಯಬೇಕಾದದ್ದು ತನಗೆ ರಕ್ತದಲ್ಲೇ ಇದೆ. ಮುಗಿಸಿ ಬಿಸಾಕಿದರಾಯಿತು ಎಂದು ಅಲ್ಲೇ ಕೂತಳು. ಇಲ್ಲದ ಹಿಟ್ಟು ನಾದಿದಳು, ಇಲ್ಲದ ಉಂಡೆ ಕಟ್ಟಿದಳು, ಪಟಪಟ ಬಡಿದಳು. ಸುತ್ತ ಕೂತಿದ್ದ ಹುಡುಗರು ಚಪ್ಪಾಳೆ ತಟ್ಟಿದರು.

ಮಾಸ್ತರರು ಎದ್ದು ಬಂದರು. ಹಂಚು ಇರಬೇಕಾದ ಜಾಗದಲ್ಲಿ ಅಂಗೈ ಊರಿದರು. ಊರಿಕೊಂಡೇ ಇದ್ದರು.

"ತಣ್ಣಗೈತಿ" ಎಂದು ಎದ್ದು ಹೋದರು.

ಮರುದಿನ ಕಸ್ತೂರಿ ಒಲೆ ಊದಿದಳು. ಹೊಗೆಗೆ ಕೆಮ್ಮಿದಳು. ಕಣ್ಣೊರೆಸಿಕೊಂಡಳು.

ಮಾಸ್ತರರು ಬಂದು ಅಂಗೈ ಊರಿದರು. "ತಣ್ಣಗೈತಿ."

ಮೂರನೆಯ ದಿನ ಅವಳು ರೊಟ್ಟಿಯನ್ನು ಗಾಳಿಗೆ ಹಾರಿಸಿ ಹಿಡಿದಳು. ಒಂದಲ್ಲ, ಮೂರು.

ಮಾಸ್ತರರು ಈ ಸಲ ಕೈ ಊರಲಿಲ್ಲ. ಬಂದು ಹಂಚಿನ ಮೇಲೆಯೇ ಕೂತುಬಿಟ್ಟರು. ಕೂತು, ಎಲೆಯಡಿಕೆಯ ಚಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚತೊಡಗಿದರು.

ಹುಡುಗರು ಬಿದ್ದು ಬಿದ್ದು ನಕ್ಕರು. ಕಸ್ತೂರಿಗೆ ಮೈಯೆಲ್ಲ ಉರಿಯಿತು.

"ಏಳ್ರಿ ಮಾಸ್ತರ! ಈ ವಿಶ್ವವಿದ್ಯಾಲಯದಾಗ ನನಗಿಂತ ಚಲೋ ರೊಟ್ಟಿ ಬಡಿಯೋರು ಯಾರದಾರ, ಕರೀರಿ ನೋಡೂಣು. ಇಲ್ಲೀತನಕ ನನ್ನ ಕೈಯಾಗ ಒಂದು ರೊಟ್ಟಿ ಸೀದಿಲ್ಲ!"

"ತಣ್ಣನ ಹಂಚಿನ ಮ್ಯಾಲ ಹ್ಯಾಂಗ ಸೀಯತೈತಿ?"

"ಹಂಗಾದ್ರ ನಾ ಪಾಸಾಗೂದು ಯಾವಾಗ?"

"ನಿನ್ನ ರೊಟ್ಟಿ ಸೀದ ದಿನ."

ಕಸ್ತೂರಿ ಬಾಯಿ ತೆರೆದಳು. ಮಾಸ್ತರರು ಎಲೆ ಮಡಿಸುತ್ತ ಇನ್ನೊಂದು ಕೇಳಿದರು.

"ಯಾರ ಸಲುವಾಗಿ ಬಡೀತೀ ಈ ರೊಟ್ಟಿ?"

"ನೋಡಾಕ ಬಂದವರ ಸಲುವಾಗಿ."

"ಅವರು ಉಂಡು ಬಂದಿರ್ತಾರ."

ಆ ಸಂಜೆ ಫೋನಿನಲ್ಲಿ ಚಿಗವ್ವನ ದನಿ ಕೇಳಿತು. "ಪರೀಕ್ಷೆ ದಿನ ಬರ್ತೀನಿ. ಬರೂ ಮುಂದ ಎರಡು ಖಾಲಿ ಚೀಲ ತರ್ತೀನಿ, ನಿನ್ನ ಬಟ್ಟಿ, ಪುಸ್ತಕ ತುಂಬಾಕ."

"ನಪಾಸು ಆಗ್ತೀನಂತ ಈಗ ಬರದಿಟ್ಟೀಯೇನ ಚಿಗವ್ವ?"

"ಪಾಸಾದ್ರ ಚೀಲ ಖಾಲಿ ಒಯ್ಯೂದು ಸುಲಭ ಐತಲ್ಲ" ಎಂದು ಫಕೀರವ್ವ ಫೋನಿಟ್ಟಳು.

ಕಸ್ತೂರಿ ಹೊಳೆಯ ಮೆಟ್ಟಿಲ ಮೇಲೆ ಹೋಗಿ ಕೂತಳು. ಸಿಟ್ಟಿಗೆ ಕೈಗಳು ತಾವಾಗಿ ಮೊಣಕಾಲ ಮೇಲೆ ಬಡಿಯುತ್ತಿದ್ದವು, ಪಟಪಟ, ಪಟಪಟ.

ಯಾರ ಸಲುವಾಗಿ? ತಾನು ಬಡಿದದ್ದು ಬೇಗ ಮುಗಿಯಲಿ ಎಂದು. ಅದು ಗೊತ್ತು. ಚಿಗವ್ವ?

ಚಿಗವ್ವ ಬೆಳಗ್ಗೆ ಬೇಯಿಸಿದ ಮೊದಲ ರೊಟ್ಟಿಯನ್ನು ಬದಿಗಿಟ್ಟು ಅದರ ಮೇಲೆ ಹಿತ್ತಾಳೆ ತಟ್ಟೆ ಕವುಚುತ್ತಿದ್ದಳು. ಎಷ್ಟು ಗಿರಾಕಿಗಳು ಕಾದು ಕೂತಿದ್ದರೂ ಅದನ್ನು ಯಾರೂ ಮುಟ್ಟುವಂತಿರಲಿಲ್ಲ. ಶಾಲೆಯಿಂದ ಬಂದ ಕಸ್ತೂರಿ ತಟ್ಟೆ ಎತ್ತಿ ತಿನ್ನುತ್ತಿದ್ದಳು. "ಉಣ್ಣು" ಎಂದು ಚಿಗವ್ವ ಒಂದು ದಿನವೂ ಹೇಳಿರಲಿಲ್ಲ. "ಇದು ನಿನಗ ಇಟ್ಟೀನಿ" ಎಂದೂ ಹೇಳಿರಲಿಲ್ಲ.

ಈಗ ಆ ರೊಟ್ಟಿಯನ್ನು ಯಾರು ತಿನ್ನುತ್ತಾರೆ?

ಮೊಣಕಾಲ ಮೇಲಿನ ಕೈಗಳು ನಿಂತವು.

ಅಂದಿನಿಂದ ಪರೀಕ್ಷೆಯವರೆಗೆ ಕಸ್ತೂರಿ ಯಾರ ಮುಂದೆಯೂ ರೊಟ್ಟಿ ಬಡಿಯಲಿಲ್ಲ. ಮಾಸ್ತರರೂ ಕೇಳಲಿಲ್ಲ.

ಪರೀಕ್ಷೆಯ ದಿನ ಮಧ್ಯಾಹ್ನ. ಹೊರಗಿನಿಂದ ಬಂದ ಇಬ್ಬರು ಪರೀಕ್ಷಕರು ಮುಂದಿನ ಸಾಲಿನಲ್ಲಿ ಪೆನ್ನು ಬಿಚ್ಚಿ ಕೂತಿದ್ದರು. ಮೂರನೆಯ ಸಾಲಿನಲ್ಲಿ ಫಕೀರವ್ವ. ತೊಡೆಯ ಮೇಲೆ ಎರಡು ಖಾಲಿ ಚೀಲ. ಮುಖ ನೋಡಿದರೆ ಇವಳೇ ಪರೀಕ್ಷಕಿ ಅನ್ನಬೇಕು.

ಕಸ್ತೂರಿ ರಂಗದ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಬಂದು ಕೂತಳು.

ಒಂದು ಮೊಣಕಾಲು ಮಡಚಿ, ಸೀರೆಯ ಅಂಚನ್ನು ಅದರಡಿಗೆ ಒತ್ತಿಕೊಂಡಳು. ಹಿಟ್ಟಿನ ಕೈ ಹಣೆಗೆ ತಾಗದಂತೆ ಮೊಣಕೈಯಿಂದ ಬೆವರೊರೆಸಿದಳು. ಮೂರನೆಯ ಸಾಲಿನಲ್ಲಿ ಯಾರೋ ಮಿಸುಕಾಡಿದರು.

ಮೊದಲ ರೊಟ್ಟಿ ಬೆಂದಿತು. ಬದಿಗಿಟ್ಟಳು. ಅದರ ಮೇಲೆ ತಟ್ಟೆ ಕವುಚಿದಳು. ತಟ್ಟೆಯೂ ಇಲ್ಲ, ರೊಟ್ಟಿಯೂ ಇಲ್ಲ. ಆದರೂ ಸದ್ದಾಗದಂತೆ ಕವುಚಿದಳು.

ಎರಡನೆಯ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಒದ್ದೆ ಬಟ್ಟೆಯಿಂದ ಮೇಲೆ ನೀರು ಸವರಿದಳು. ನೀರು ಆರಿದ ಕೂಡಲೇ ತಿರುವಿ ಹಾಕಬೇಕು.

ಆಗ ಪರದೆಯ ಹಿಂದಿನಿಂದ ದನಿ ಬಂತು. "ನಿನ್ನ ಮಗಳು ಇನ್ನ ಬರೂದಿಲ್ಲ ಬೇ."

ಇಲ್ಲಿ ಎದೆ ಬಡಿದುಕೊಂಡು ಅಳಬೇಕು ಎಂದು ಅವಳು ಮೊದಲು ಲೆಕ್ಕ ಹಾಕಿದ್ದಳು. ಅಳು ಬರಲಿಲ್ಲ. ಕೈ ಬದಿಯ ತಟ್ಟೆಯ ಕಡೆ ಹೋಯಿತು. ಸ್ವಲ್ಪ ಎತ್ತಿ ಒಳಗೆ ನೋಡಿದಳು. ಮತ್ತೆ ಮುಚ್ಚಿದಳು. ಮುಚ್ಚಿದ ಕೈಯನ್ನು ಅದರ ಮೇಲೆಯೇ ಇಟ್ಟುಕೊಂಡು ಕೂತುಬಿಟ್ಟಳು.

ಹಂಚಿನ ಮೇಲಿನ ರೊಟ್ಟಿಯ ನೀರು ಆರಿತು. ಅವಳು ಅಲುಗಲಿಲ್ಲ.

"ಏ ಕಸ್ತೂರಿ! ರೊಟ್ಟಿ ಸೀದು ಹೊಂಟೈತಿ, ತಿರುವಿ ಹಾಕ!"

ಎಲ್ಲರೂ ಹಿಂತಿರುಗಿ ನೋಡಿದರು. ಫಕೀರವ್ವ ಅರ್ಧ ಎದ್ದು ನಿಂತಿದ್ದಳು. ಚೀಲಗಳು ನೆಲಕ್ಕೆ ಬಿದ್ದಿದ್ದವು. ಚಾಚಿದ ಕೈ ಚಾಚಿದಂತೆಯೇ ಇತ್ತು.

ಕಸ್ತೂರಿಯ ತಲೆಗೆ ಆ ಮಾತು ತಲುಪುವ ಮೊದಲೇ ಅವಳ ಕೈಗೆ ತಲುಪಿತು. ಥಟ್ಟನೆ ಬಾಗಿ ರೊಟ್ಟಿ ತಿರುವಿದಳು. ಚುರ್ ಎಂದ ಬೆರಳನ್ನು ಕಿವಿಯ ಹಾಲೆಗೆ ಒತ್ತಿಕೊಂಡಳು. ರೊಟ್ಟಿಯ ಕರಿ ಮೈ ನೋಡಿದಳು.

ಅದನ್ನು ನೋಡಿ ಅವಳಿಗೆ ಅಳು ಬಂತು. ಸದ್ದಿಲ್ಲದ ಅಳು.

ಒಬ್ಬರೂ ನಗಲಿಲ್ಲ. ಪರೀಕ್ಷಕರಲ್ಲೊಬ್ಬರು ಎತ್ತಿದ ಪೆನ್ನನ್ನು ಇಳಿಸುವುದನ್ನೇ ಮರೆತಿದ್ದರು.

ದೃಶ್ಯ ಮುಗಿದ ಮೇಲೆ ಕಸ್ತೂರಿ ಇಳಿದು ಬಂದಳು. ಫಕೀರವ್ವ ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು. ಯಾರಿಗೂ ತಲೆಬಾಗದವಳು ಇಂದು ತಲೆ ತಗ್ಗಿಸಿದ್ದಳು.

"ತಪ್ಪಾತು ಯವ್ವಾ. ನಿನ್ನ ಪರೀಕ್ಷೆ ನಾನ ಕೆಡಿಸಿದೆ. ವಾಸನಿ ಬಂತು ನೋಡು, ಬಾಯಿ ತಡೀಲಿಲ್ಲ."

ಹೇಳಿ ರಂಗದ ಕಡೆ ತಿರುಗಿ ನೋಡಿದಳು. ಹುಬ್ಬು ಗಂಟಿಕ್ಕಿತು.

"ಅಲ್ಲಾ, ಅಲ್ಲಿ ರೊಟ್ಟಿನ ಇರಲಿಲ್ಲಲ್ಲ!"

ಪರೀಕ್ಷಕರಿಬ್ಬರೂ ಹತ್ತಿರ ಬಂದರು. ಹಿಂದೆ ಹಾಸ್ಟೆಲಿನ ಹುಡುಗಿಯರೂ ಬಂದರು.

"ಕೂಗಿದವರು ಇವರೇನಾ? ಯಾರು ಇವರು?" ಎಂದು ಒಬ್ಬರು ಕೇಳಿದರು.

ಕಸ್ತೂರಿ ಚಿಗವ್ವನ ಪಕ್ಕಕ್ಕೆ ಹೋಗಿ, ಭುಜಕ್ಕೆ ಭುಜ ಹಚ್ಚಿ ನಿಂತಳು. ಹಿಂದಿನ ಸಾಲಿಗೂ ಕೇಳುವ ದನಿ ಅವಳದು. ಆ ದನಿಯಲ್ಲೇ ಹೇಳಿದಳು.

"ನಮ್ಮ ಚಿಗವ್ವ. ಖಾನಾವಳಿ ನಡಸ್ತಾಳ. ನಾ ಇಲ್ಲಿ ಮಾಡಿದ್ದೆಲ್ಲ ಈಕಿ ಕೈ ನೋಡಿ ಕಲ್ತದ್ದು. ದಿನಾ ಇನ್ನೂರು ರೊಟ್ಟಿ ಬಡೀತಾಳ, ಒಂದೂ ಸೀಯೂದಿಲ್ಲ."

ಫಕೀರವ್ವನ ತಲೆ ಮೇಲಕ್ಕೆ ಬಂತು. ಸೆರಗು ಸರಿ ಮಾಡಿಕೊಂಡಳು.

"ಇನ್ನೂರಲ್ರೀ, ಇನ್ನೂರಾ ಐವತ್ತು" ಎಂದಳು. "ಸಂತಿ ದಿನ ಮುನ್ನೂರು."

ಆಮೇಲೆ ಬಗ್ಗಿ ನೆಲದ ಮೇಲಿನ ಚೀಲಗಳನ್ನು ಎತ್ತಿಕೊಂಡಳು. ಕೊಡವಿದಳು. ಒಂದನ್ನು ಮಡಚಿ ಇನ್ನೊಂದರೊಳಗಿಟ್ಟಳು. ಅದನ್ನೂ ಸಣ್ಣಗೆ ಮಡಚಿ ಬಗಲಿಗೆ ಸಿಕ್ಕಿಸಿಕೊಂಡಳು.

ಕಸ್ತೂರಿ ಮಾಸ್ತರರನ್ನು ಹುಡುಕಿದಳು. ಅವರು ಆಗಲೇ ರಂಗದ ಮೇಲಿದ್ದರು.

"ಮಾಸ್ತರ, ನಾ ಪಾಸಾದ್ನೋ ಇಲ್ಲೋ?"

ಮಾಸ್ತರರು ಅವಳ ಕಡೆ ನೋಡಲಿಲ್ಲ. ಎಂದಿನಂತೆ ಬಗ್ಗಿ, ಹಂಚು ಇರಬೇಕಾದ ಜಾಗಕ್ಕೆ ಅಂಗೈ ಚಾಚಿದರು. ನೆಲಕ್ಕಿಂತ ಗೇಣು ಮೇಲೆಯೇ ಕೈ ನಿಂತಿತು. ಸರಕ್ಕನೆ ಹಿಂದೆ ಎಳೆದುಕೊಂಡರು.

ಅಷ್ಟರಲ್ಲಿ ಮುಂದಿನ ದೃಶ್ಯಕ್ಕೆ ರಂಗ ಗುಡಿಸಲು ಮುದುಕ ಸಿದ್ದಪ್ಪ ಪೊರಕೆ ಹಿಡಿದು ಬಂದ. ಗುಡಿಸುತ್ತ ಗುಡಿಸುತ್ತ ನಡುವಿಗೆ ಬರುತ್ತಿದ್ದವನನ್ನು ಮಾಸ್ತರರು ಕೈ ಅಡ್ಡ ಚಾಚಿ ತಡೆದರು.

"ಅಲ್ಲಿ ಕಾಲಿಡಬ್ಯಾಡೋ ಸಿದ್ದಪ್ಪ. ಹಂಚು ಇನ್ನೂ ಆರಿಲ್ಲ."