ಪೈಲ್ವಾನ ತಿರುಚಿದ ಕಾಲು

"ವಸ್ತಾದರೇ, ತೋಳಿನಲ್ಲಿ ಬಲವಿದ್ದರೆ ಸಾಲದೇ? ಈ ನೋವು ಯಾಕೆ ಬೇಕು?"

ನನ್ನ ಶಿಷ್ಯ ಚೌಡ ಹೀಗೆ ಕೇಳಿದ. ಮರುದಿನ ಅವನಿಗೆ ಕುಸ್ತಿ ಇತ್ತು. ಕೈ ಎಲ್ಲೋ ಉಳುಕಿತ್ತು. ಎಲ್ಲಿ ಎಂದರೆ ಹೇಳುತ್ತಿರಲಿಲ್ಲ. ನೋವು ಗೊತ್ತಾಗದ ಹಾಗೆ ತೋಳಿಗೆ ಬಿಗಿಯಾಗಿ ಪಟ್ಟಿ ಕಟ್ಟಿಬಿಡಿ ಎಂದು ಹಠ ಹಿಡಿದಿದ್ದ. ಗರಡಿಯ ಮಣ್ಣಿನ ಮೇಲೆ ಅವನನ್ನು ಕೂರಿಸಿಕೊಂಡು ನಾನು ಈ ಕತೆ ಹೇಳಿದೆ. ಕತೆಯಲ್ಲೂ ಕುಸ್ತಿಯಲ್ಲೂ ನನ್ನನ್ನು ಮೀರಿಸಿದವರಿಲ್ಲ ಎಂಬುದು ಸುತ್ತಲ ಊರುಗಳಿಗೆಲ್ಲ ಗೊತ್ತಿರುವ ವಿಷಯ.

ಒಬ್ಬ ಪೈಲ್ವಾನನಿದ್ದ. ಕೆಸರಿನಲ್ಲಿ ಹೂತ ಗಾಡಿಯನ್ನು ಎತ್ತುಗಳ ಸಮೇತ ಎತ್ತಿ ದಡಕ್ಕೆ ಇಡುತ್ತಿದ್ದ. ಅವನು ಸೀನಿದರೆ ಪಕ್ಕದ ಮನೆಯ ಹೆಂಚು ಜಾರುತ್ತಿತ್ತು. ಬಲದಲ್ಲಿ ನನಗಿಂತ ಒಂದು ಗುಲಗಂಜಿಯಷ್ಟು ಕಡಿಮೆ, ಅಷ್ಟೇ.

ಅವನ ಹೆಂಡತಿ ಹೆಣ್ಣು ಮಗು ಹೆತ್ತಳು. ಬಾಣಂತಿಗೆ ಹಾಲು ಬತ್ತಿತು. ಮಗು ಅತ್ತು ಅತ್ತು ದನಿ ಕಳೆದುಕೊಂಡಿತು. ಆ ಹೊತ್ತಿಗೆ ಒಬ್ಬ ವರ್ತಕ ಕುಸ್ತಿ ಏರ್ಪಡಿಸಿ, ಗೆದ್ದವನಿಗೆ ಕರೆಯುವ ಹಸು ಎಂದು ಡಂಗುರ ಸಾರಿಸಿದ. ಪೈಲ್ವಾನ ತೊಟ್ಟಿಲಿಗೆ ಬಗ್ಗಿ, "ಸ್ವಲ್ಪ ತಡಿಯವ್ವಾ, ಹಸು ಹೊಡಕೊಂಡು ಬರ್ತೀನಿ" ಎಂದ.

ಆದರೆ ಸಾಮು ಮಾಡುವಾಗ ಅವನ ಮೊಣಕೈ ಉಳುಕಿತು. ಮಡಚಿದರೆ ಕಣ್ಣಿಗೆ ಕತ್ತಲೆ ಬರುವಷ್ಟು ನೋವು. ಯಾರಿಗೂ ಹೇಳಲಿಲ್ಲ. ಹೆಂಡತಿಗೆ ಹೇಳಿದರೆ ಅಳುತ್ತಾಳೆ. ಎದುರಾಳಿಗೆ ತಿಳಿದರೆ ಅಲ್ಲಿಗೇ ಕೈ ಹಾಕುತ್ತಾನೆ. ಕೊನೆಗೆ ಒಂದು ಉಪಾಯ ಹೂಡಿದ. ಬಟ್ಟೆಯನ್ನು ಹಗ್ಗದಂತೆ ಹೊಸೆದು ಕಂಕುಳ ಕೆಳಗೆ ತೋಳಿಗೆ ಬಿಗಿದು ಕಟ್ಟಿದ. ಯಾರಾದರೂ ಕೇಳಿದರೆ ತಾಯತ ಎನ್ನೋಣವೆಂದು ಮೇಲೆ ಕೆಂಪು ದಾರ ಸುತ್ತಿದ. ತೋಳು ಜೋಮು ಹಿಡಿಯಿತು. ನೋವು ಸತ್ತೇಹೋಯಿತು. ಮೀಸೆ ತಿರುವುತ್ತ ಅಖಾಡಕ್ಕೆ ಇಳಿದ.

ಮಗಾ, ತಲೆಯ ಅಪ್ಪಣೆ ನರದಲ್ಲಿ ಇಳಿದು ಬರಬೇಕು, ಆಗ ಮಾಂಸಖಂಡ ಬಿಗಿಯುತ್ತದೆ. ಏನು ಹಿಡಿದೆ, ಎಷ್ಟು ಬಿಗಿಯಾಗಿ ಹಿಡಿದೆ ಎಂಬ ಸುದ್ದಿ ನರದಲ್ಲೇ ಹತ್ತಿ ಹೋಗಬೇಕು. ಪೈಲ್ವಾನ ತಾನು ನೋವಿನ ಸುದ್ದಿಯೊಂದನ್ನೇ ತಡೆದೆ ಎಂದುಕೊಂಡಿದ್ದ. ಎಲ್ಲ ಸುದ್ದಿಯೂ ಅಲ್ಲೇ ನಿಂತಿತ್ತು.

ಇಬ್ಬರೂ ಹೆಣೆದುಕೊಂಡು ನೆಲಕ್ಕೆ ಬಿದ್ದರು. ಮೈಯೆಲ್ಲ ಕೆಮ್ಮಣ್ಣು, ಯಾವ ಕಾಲು ಯಾರದೋ ತಿಳಿಯದು. ಪೈಲ್ವಾನನ ಜೋಮು ಹಿಡಿದ ಕೈಗೆ ಒಂದು ಪಾದ ಸಿಕ್ಕಿತು, ಯಾರದೆಂದು ಆ ಕೈಗೆ ಗೊತ್ತಾಗಲಿಲ್ಲ. ತಿರುಚಿದ. ತನ್ನ ಕಾಲೇ ನೋಯಿತು. ಎದುರಾಳಿಯೂ ತನ್ನ ಕಾಲು ತಿರುಚುತ್ತಿದ್ದಾನೆ ಎಂದುಕೊಂಡು ಇನ್ನಷ್ಟು ತಿರುಚಿದ. ನೋವು ಇನ್ನಷ್ಟಾಯಿತು. "ಬಿಡ್ತೀಯೋ ಇಲ್ವೋ" ಎಂದು ಗದರಿದ. ಎದುರಾಳಿ ಆಗಲೇ ಬಿಡಿಸಿಕೊಂಡು, ಪಕ್ಕದಲ್ಲಿ ಕೂತು ಬೆವರು ಒರೆಸಿಕೊಳ್ಳುತ್ತಿದ್ದ.

"ಅಣ್ಣಾ, ನಾನು ಬಿಟ್ಟು ಬಹಳ ಹೊತ್ತಾಯ್ತು. ಅದು ನಿಮ್ಮದೇ ಕಾಲು."

ಜನ ನಕ್ಕ ನಗೆಗೆ ಮೂರು ಊರಾಚೆಯ ಕಾಗೆಗಳು ಗೂಡು ಬಿಟ್ಟವು. ಎದುರಾಳಿ ಅವನನ್ನು ನಿಧಾನವಾಗಿ ಬೆನ್ನ ಮೇಲೆ ಮಲಗಿಸಿದ. ಕುಸ್ತಿ ಮುಗಿಯಿತು. ಹಸುವಿನ ಹಗ್ಗ ಎದುರಾಳಿಯ ಕೈ ಸೇರಿತು.

ಪೈಲ್ವಾನ ಏಳಲಿಲ್ಲ. ಎದುರಾಳಿ ಎಬ್ಬಿಸಲೆಂದು ಅವನ ಕೈ ಹಿಡಿದ. ಕೈ ತಣ್ಣಗಿತ್ತು, ಉಗುರು ನೀಲಿಯಾಗಿತ್ತು. ಕೆಂಪು ದಾರದ ಅಡಿಯಲ್ಲಿ ಕಟ್ಟು ಕಂಡಿತು. ಹಲ್ಲಿನಿಂದ ಗಂಟು ಬಿಚ್ಚಿ ತೋಳು ನೀವಿದ. ಪೈಲ್ವಾನನಿಗೆ ಮೊದಲು ಇರುವೆ ಹರಿದಂತಾಯಿತು, ಆಮೇಲೆ ಚೇಳು ಕುಟುಕಿದಂತೆ. ಬೆರಳುಗಳು ಒಂದೊಂದಾಗಿ ಮಾತು ಕೇಳತೊಡಗಿದವು. ಕಡೆಗೆ ಮೊಣಕೈ ನೋವೂ ಬಂತು. ಅಷ್ಟು ದೊಡ್ಡ ಪೈಲ್ವಾನ ಬಿಕ್ಕಿ ಬಿಕ್ಕಿ ಅತ್ತ. ಅಳುತ್ತ ಅಳುತ್ತ ತೊಟ್ಟಿಲ ಮಗುವಿನ ವಿಷಯವನ್ನೂ ಹೇಳಿಬಿಟ್ಟ.

"ಇದನ್ನ ಮೊದಲೇ ಬಾಯಿಬಿಟ್ಟು ಹೇಳೋಕೆ ಏನಾಗಿತ್ತು? ನಾನೇನು ಮಕ್ಕಳನ್ನ ಕಾಣದವನಾ?" ಎಂದು ಎದುರಾಳಿ ಬೈದ. "ಹಸು ನಿಮ್ಮ ಕೊಟ್ಟಿಗೇಲೇ ಇರಲಿ. ಮಗು ಕುಡಿದು ಉಳಿದದ್ದು ನನಗೆ."

ಆ ಮಗು ಒಂದು ತೊಟ್ಟೂ ಉಳಿಸಲಿಲ್ಲ ಎಂಬುದು ಬೇರೆ ಮಾತು.

ಚೌಡ ನಕ್ಕ. ಆಮೇಲೆ ಯೋಚಿಸಿ ಕೇಳಿದ: "ಅಷ್ಟು ಬಲವಿದ್ದೂ ಗೆಲ್ಲಲಾಗಲಿಲ್ಲ. ಹಾಗಾದರೆ ಹಸುವನ್ನು ಅವನ ಮನೆಗೆ ತಂದದ್ದು ಯಾವುದು, ವಸ್ತಾದರೇ?"

"ಹೇಳಿಕೊಂಡ ನೋವು, ಮಗಾ. ಈಗ ನಿನ್ನ ನೋವು ಎಲ್ಲಿ, ತೋರಿಸು."